ಚಾಸರ್ ಕಾಲದ ಇಂಗ್ಲಿಷಿನಲ್ಲಿ ಮನುಷ್ಯರ ಗುಣ ಹೇಳುವ ಪದಗಳು: ಹಿಡಿಯೋದು ಹೇಗೆ, ಕನ್ನಡದಲ್ಲಿ ಬರೆಯೋದು ಹೇಗೆ

ಎಂ.ಎ. ಓದುವಾಗ ಒಂದು ಉತ್ತರದಲ್ಲಿ ನಾನು, 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಒಂದು ಕಥೆಯ ನಾಯಕಿ ಗ್ರಿಸೆಲ್ಡಾ ಸದಾ ದುಃಖದಲ್ಲಿದ್ದ ಹೆಂಗಸು ಅಂತ ಬರೆದಿದ್ದೆ. ಚಾಸರ್ ಆಕೆಯನ್ನು 'ಸ್ಯಾಡ್' ಅನ್ನುತ್ತಾನೆ, ಗೋಡೆಯ ಹಾಗೆ ಸ್ಯಾಡ್ ಅನ್ನುತ್ತಾನೆ. ಗೋಡೆಗೆ ಎಲ್ಲಿಯ ದುಃಖ? ಆಗಿನ ಕಾಲಕ್ಕೆ ಆ ಪದದ ಅರ್ಥ ಗಟ್ಟಿ, ಅಲುಗಾಡದ, ಸ್ಥಿರ ಅಂತ. ಗಂಡ ಎರಡು ಮಕ್ಕಳನ್ನೂ ಕಿತ್ತುಕೊಂಡು, ಕೊಲ್ಲಿಸಿದಂತೆ ನಟಿಸಿ, ಕೊನೆಗೆ ಅವಳನ್ನೇ ಮನೆಯಿಂದ ಕಳಿಸಿದರೂ ಆಕೆ ಅಲುಗಾಡೋದಿಲ್ಲ. ಕವಿ ಹೇಳುತ್ತಿರೋದು ಅದನ್ನ. ಒಂದೇ ಪದ ತಪ್ಪಿತು, ಇಡೀ ಪಾತ್ರವೇ ತಲೆಕೆಳಗಾಯ್ತು.

ಗೊತ್ತಿಲ್ಲದ ಪದ ಯಾವತ್ತೂ ಅಷ್ಟು ಮೋಸ ಮಾಡಲ್ಲ. ಅದನ್ನ ನಿಘಂಟಿನಲ್ಲಿ ಹುಡುಕಿಯೇ ಹುಡುಕುತ್ತೀರಿ. ಗೊತ್ತಿದೆ ಅಂದುಕೊಂಡ ಪದವೇ ಕೈಕೊಡೋದು. ಅದರಲ್ಲೂ ಗುಣ, ಸ್ವಭಾವ ಹೇಳುವ ಪದಗಳಲ್ಲಿ ಇದು ಜಾಸ್ತಿ. ಆ ಪದಗಳನ್ನು ಒಂದೊಂದಾಗಿ ಹಿಡಿದು, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಬರೆಯೋ ಒಂದು ದಾರಿ ಇಲ್ಲಿದೆ. ಪರೀಕ್ಷೆಗೆ ಓದುವವರಿಗೂ, ಅನುವಾದ ಮಾಡೋ ಆಸೆ ಇರುವವರಿಗೂ ಇದೇ ದಾರಿ ಸಾಕು.

ಹಳೆಯ ಪದಗಳನ್ನು ಕನ್ನಡ ಲಿಪಿಯಲ್ಲೇ, ಆಗಿನ ಉಚ್ಚಾರಕ್ಕೆ ಆದಷ್ಟು ಹತ್ತಿರ ಬರೆದಿದ್ದೇನೆ. ಆಗ ಇಂಗ್ಲಿಷನ್ನು ಹೆಚ್ಚುಕಡಿಮೆ ಬರೆದ ಹಾಗೇ ಓದುತ್ತಿದ್ದರು, ಹಾಗಾಗಿ ನಮ್ಮ ಕಿವಿಗೆ ಅದು ಈಗಿನ ಇಂಗ್ಲಿಷಿಗಿಂತ ಹತ್ತಿರ.

ಮೊದಲನೇ ಹೆಜ್ಜೆ: ಎಲ್ಲಿಂದ ಶುರು ಮಾಡೋದು

'ಕ್ಯಾಂಟರ್‌ಬರಿ ಟೇಲ್ಸ್'ನ ಮುನ್ನುಡಿಯಿಂದಲೇ ಶುರು ಮಾಡಿ. ಚಾಸರ್ ಈ ಕೃತಿಯನ್ನು 1387ರ ಸುಮಾರಿಗೆ ಕೈಗೆತ್ತಿಕೊಂಡ, 1400ರಲ್ಲಿ ತೀರಿಕೊಂಡಾಗ ಅದು ಇನ್ನೂ ಮುಗಿದಿರಲಿಲ್ಲ. ಮುನ್ನುಡಿ 858 ಸಾಲು. ಲಂಡನ್ ಪಕ್ಕದ ಸದರ್ಕ್‌ನಲ್ಲಿ ಟಬಾರ್ಡ್ ಅನ್ನೋ ಛತ್ರ, ಅಲ್ಲಿ ಯಾತ್ರೆಗೆ ಹೊರಟ 29 ಮಂದಿ ಸೇರಿದ್ದಾರೆ, ಒಬ್ಬೊಬ್ಬರನ್ನೇ ಕವಿ ಎದುರಿಗೆ ತಂದು ನಿಲ್ಲಿಸುತ್ತಾನೆ. ದಾರಿಯಲ್ಲಿ ಈ ಯಾತ್ರಿಕರು ಹೇಳೋ ಕಥೆಗಳೇ ಕೃತಿಯ ಉಳಿದ ಭಾಗ. ವೀರ, ಸನ್ಯಾಸಿನಿ, ಗಿರಣಿಯವನು, ಅಡುಗೆಯವನು, ವೈದ್ಯ, ಹಳ್ಳಿಯ ಪಾದ್ರಿ. ಗುಣವಾಚಕಗಳ ಸಂತೆ ಇದು. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟೊಂದು ಸ್ವಭಾವದ ಪದಗಳು ಆ ಕಾಲದ ಬೇರೆ ಎಲ್ಲೂ ಸಿಗೋದು ಕಷ್ಟ.

ಪುಟದ ಕೆಳಗೆ ಅಥವಾ ಪಕ್ಕದಲ್ಲಿ ಅರ್ಥ ಕೊಟ್ಟಿರೋ ಆವೃತ್ತಿ ತಗೊಳ್ಳಿ. ಪೂರ್ತಿ ಆಧುನಿಕ ಇಂಗ್ಲಿಷಿಗೆ ತಿರುಗಿಸಿದ ಪುಸ್ತಕವನ್ನು ಮಾತ್ರ ಓದಬೇಡಿ. ಅದರಲ್ಲಿ ಪದದ ಎರಡು ಮೂರು ಅರ್ಥಗಳಲ್ಲಿ ಒಂದನ್ನು ಬೇರೆಯವರು ನಿಮ್ಮ ಪರವಾಗಿ ಆರಿಸಿಬಿಟ್ಟಿರುತ್ತಾರೆ. ಅದನ್ನ ಪಕ್ಕದಲ್ಲಿಟ್ಟುಕೊಳ್ಳಿ, ಸಾಲು ಬಿಡಿಸಲು ಕಷ್ಟವಾದಾಗ ನೋಡಿ.

ಇನ್ನೊಂದು ಸಾಧನ ಬೇಕೇ ಬೇಕು. ಮಿಶಿಗನ್ ವಿಶ್ವವಿದ್ಯಾಲಯದ 'ಮಿಡಲ್ ಇಂಗ್ಲಿಷ್ ಡಿಕ್ಷನರಿ'. ದಶಕಗಟ್ಟಲೆ ನಡೆದು 2001ರಲ್ಲಿ ಮುಗಿದ ಕೆಲಸ ಅದು. ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ಪ್ರತಿ ಅರ್ಥದ ಕೆಳಗೂ ಆ ಕಾಲದ ಸಾಲುಗಳನ್ನೇ ಉದಾಹರಣೆ ಕೊಟ್ಟಿರುತ್ತಾರೆ, ಯಾವ ಗ್ರಂಥ, ಯಾವ ಕಾಲ ಅನ್ನೋದರ ಸಮೇತ. ಆಗ ಕಾಗುಣಿತ ಇನ್ನೂ ನೆಲೆ ನಿಂತಿರಲಿಲ್ಲ, ಒಂದೇ ಪದವನ್ನು ನಾಲ್ಕು ಥರ ಬರೆಯುತ್ತಿದ್ದರು. ಹುಡುಕಿದ್ದು ಸಿಗದಿದ್ದರೆ 'ಐ' ಅಕ್ಷರದ ಜಾಗದಲ್ಲಿ 'ವೈ' ಹಾಕಿ ನೋಡಿ, ಕೊನೆಯ 'ಇ' ಸೇರಿಸಿ ನೋಡಿ, ತೆಗೆದು ನೋಡಿ.

ಎರಡನೇ ಹೆಜ್ಜೆ: ನೋಟ್‌ಬುಕ್ಕಿನಲ್ಲಿ ಐದು ಕಾಲಂ

ಒಂದು ಉದ್ದ ನೋಟ್‌ಬುಕ್ಕು ತಗೊಂಡು ಐದು ಕಾಲಂ ಬರೋ ಹಾಗೆ ಗೆರೆ ಎಳೆಯಿರಿ. ಪದ ಯಾವುದು, ಯಾರ ಬಗ್ಗೆ, ಹೇಳುತ್ತಿರೋದು ಯಾರು, ಆ ಪದದ ಹಿಂದೆ ಮುಂದೆ ಇರೋ ಕೆಲಸ ಅಥವಾ ಶರತ್ತು ಏನು, ಮತ್ತು ಕೊನೆಗೆ ಕನ್ನಡ. ಕನ್ನಡದ ಕಾಲಂ ಸದ್ಯಕ್ಕೆ ಖಾಲಿ ಬಿಡಿ. ಮೊದಲ ದಿನವೇ ಅದನ್ನ ತುಂಬಿದರೆ ಆ ಅರ್ಥ ತಲೆಯಲ್ಲಿ ಕೂತುಬಿಡುತ್ತದೆ, ಮುಂದೆ ಅದೇ ಪದ ಬೇರೆ ಅರ್ಥದಲ್ಲಿ ಬಂದಾಗ ಕಣ್ಣಿಗೆ ಬೀಳಲ್ಲ. ದಿನಕ್ಕೆ ಒಬ್ಬ ಯಾತ್ರಿಕ ಸಾಕು.

ಮೂರನೇ ಹೆಜ್ಜೆ: ಪರಿಚಯದ ಮುಖಗಳನ್ನು ಮೊದಲು ಅನುಮಾನಿಸಿ

ಈಗಿನ ಇಂಗ್ಲಿಷಿನಲ್ಲೂ ಇರುವ, ಆದರೆ ಒಳಗಿನ ಹುರುಳು ಬದಲಾಗಿರೋ ಪದಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ.

ಇವತ್ತಿನ 'ನೈಸ್' ಆಗ 'ನೀಸ್', ಅಂದರೆ ಪೆದ್ದ. ಅದರ ಬೇರು 'ತಿಳಿಯದವನು' ಅನ್ನೋ ಲ್ಯಾಟಿನ್ ಪದ. ಇವತ್ತು 'ಲ್ಯೂಡ್' ಅಂದರೆ ಅಸಭ್ಯ, ಆಗಿನ 'ಲೆವೆಡ್' ಅಂದರೆ ಓದು ಬರಹ ಇಲ್ಲದ ಸಾಮಾನ್ಯ ಜನ. ಹಳ್ಳಿ ಪಾದ್ರಿಯ ಭಾಗದಲ್ಲಿ ಇದು ಬರುತ್ತದೆ: ಚಿನ್ನಕ್ಕೇ ತುಕ್ಕು ಹಿಡಿದರೆ ಕಬ್ಬಿಣ ಏನು ಮಾಡೀತು, ಪಾದ್ರಿಯೇ ಕೆಟ್ಟರೆ ಲೆವೆಡ್ ಮನುಷ್ಯ ತುಕ್ಕು ಹಿಡಿಯೋದರಲ್ಲಿ ಏನಾಶ್ಚರ್ಯ ಅಂತ. ಅಲ್ಲಿ 'ಅಸಭ್ಯ' ಅಂತ ಓದಿದರೆ ಆ ಮಾತಿನ ನೋವೇ ಹೋಗಿಬಿಡುತ್ತದೆ. 'ಬಕ್ಸಮ್' ಅಂದರೆ ಇವತ್ತು ಮೈತುಂಬಿಕೊಂಡ ಹೆಂಗಸು. ಆಗ ಅದಕ್ಕೆ ಬಾಗುವ, ಹೇಳಿದ ಮಾತು ಕೇಳುವ ಅಂತ ಅರ್ಥ, ಮದುವೆಯಲ್ಲಿ ಹೆಣ್ಣು ಮಾಡುತ್ತಿದ್ದ ಪ್ರತಿಜ್ಞೆಯಲ್ಲೂ ಆ ಪದ ಇತ್ತು. 'ಡೇಂಜರಸ್' ಅಂದರೆ ಅಪಾಯಕಾರಿ ಅಲ್ವಾ? ಆಗಿನ 'ಡೌಂಜೆರೂಸ್' ಅಂದರೆ ಹತ್ತಿರ ಬಿಟ್ಟುಕೊಳ್ಳದ, ಗತ್ತಿನ ಮನುಷ್ಯ. ನಮ್ಮ ಬಿಗುಮಾನ ಇದಕ್ಕೆ ಹೇಳಿ ಮಾಡಿಸಿದ ಪದ. ಪಾಪ ಮಾಡಿದವರ ಜೊತೆ ಮಾತಾಡುವಾಗ ಆ ಹಳ್ಳಿ ಪಾದ್ರಿ ಡೌಂಜೆರೂಸ್ ಆಗಿರಲಿಲ್ಲ ಅಂತ ಚಾಸರ್ ಹೇಳುತ್ತಾನೆ. ಅಂದರೆ ಮಾತಿನಲ್ಲಿ ಬಿಗುಮಾನ ಇರಲಿಲ್ಲ.

'ಸೇಲಿ' ಪದದ ಹತ್ತಿರ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟದ ಪದ ಇದು. ಇವತ್ತಿನ 'ಸಿಲ್ಲಿ' ಇದರದೇ ಮಗು. ಶುರುವಿನಲ್ಲಿ ಇದಕ್ಕೆ ಭಾಗ್ಯವಂತ, ದೇವರು ಹರಸಿದ ಅಂತ ಅರ್ಥ. ಆಮೇಲೆ ಕಪಟ ಅರಿಯದ ಅಂತಾಯ್ತು, ಆಮೇಲೆ ಕನಿಕರ ಹುಟ್ಟಿಸುವ ಬಡಪಾಯಿ, ಕೊನೆಗೆ ಪೆದ್ದ. ಗಿರಣಿಯವನು ಹೇಳೋ ಕಥೆಯಲ್ಲಿ ಮುದಿ ಬಡಗಿ ಜಾನ್ ಇದ್ದಾನೆ. ಬೈಬಲಿನ ನೋಹನ ಕಾಲದ ಪ್ರಳಯ ಮತ್ತೆ ಬರುತ್ತದೆ ಅಂತ ನಂಬಿ, ಹೆಂಡತಿ ಮುಳುಗಿ ಹೋಗ್ತಾಳಲ್ಲ ಅಂತ ಅತ್ತು, ಸೂರಿಗೆ ತೊಟ್ಟಿ ಕಟ್ಟಿ ಅದರೊಳಗೆ ಮಲಗುತ್ತಾನೆ. ಅವನನ್ನು ಮತ್ತೆ ಮತ್ತೆ 'ಸೇಲಿ' ಅಂತ ಕರೆಯುತ್ತಾರೆ. ಪೆದ್ದ ಅಂತ ಬರೆದರೆ ಕನಿಕರ ಹೋಯ್ತು. ಮುಗ್ಧ ಅಂತ ಬರೆದರೆ ಅವನ ದಡ್ಡತನ ಹೋಯ್ತು. ಕನ್ನಡದಲ್ಲಿ ಇದಕ್ಕೆ ಒಂದು ಪದ ಇದೆ, ಮಂಗಳೂರು ಕಡೆ ದಿನಾ ಕೇಳುತ್ತೇವೆ: 'ಪಾಪದವನು'. ಪಾಪದ ಮನುಷ್ಯ, ಯಾರಿಗೂ ಕೆಟ್ಟದ್ದು ಮಾಡದವನು, ಅದಕ್ಕೇ ಎಲ್ಲರೂ ಮೋಸ ಮಾಡೋದು. ಸೇಲಿ ಅಂದರೆ ಅದೇ. ನಮ್ಮ 'ಪಾಪ' ಕೂಡ ಎಂಥಾ ದೂರ ನಡೆದಿದೆ ನೋಡಿ, ದೊಡ್ಡ ತಪ್ಪಿನಿಂದ ಹೊರಟು ಅಯ್ಯೋ ಪಾಪದವರೆಗೆ. 'ಮುಗ್ಧ' ಅಂತೂ ಸೇಲಿಯ ಎದುರು ದಿಕ್ಕಿನಲ್ಲೇ ನಡೆದದ್ದು. ಸಂಸ್ಕೃತದಲ್ಲಿ ಅದಕ್ಕೆ ದಿಕ್ಕು ತಪ್ಪಿದ, ತಿಳಿಗೇಡಿ ಅನ್ನೋ ಅರ್ಥವೂ ಇತ್ತು, ಕನ್ನಡಕ್ಕೆ ಬರುವಾಗ ಅದು ಕಪಟ ಅರಿಯದ ಮನಸ್ಸಾಯ್ತು. ಪದಗಳು ಹೀಗೆ ನಡೆದಾಡೋದು ನಮ್ಮ ಭಾಷೆಯಲ್ಲೇ ಕಂಡಿರೋದರಿಂದ ಇಂಗ್ಲಿಷಿನಲ್ಲೂ ಅದನ್ನ ಹುಡುಕೋದು ನಮಗೆ ಕಷ್ಟವಾಗಬಾರದು.

ನಾಲ್ಕನೇ ಹೆಜ್ಜೆ: ಪದ ಯಾವ ಮನೆಯದು ಅಂತ ಕೇಳಿ

ಹತ್ತು ಹದಿನೈದು ಪಾತ್ರ ಮುಗಿದ ಮೇಲೆ ಪಟ್ಟಿ ಉದ್ದ ಆಗುತ್ತದೆ. ಆಗ ಪದಗಳನ್ನು ಮನೆವಾರು ಕೂರಿಸಿ.

ಅರಮನೆಯ ಪದಗಳು ಹೆಚ್ಚಾಗಿ ಫ್ರೆಂಚಿನಿಂದ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊರೆಗಳ ಮಾತು ಫ್ರೆಂಚ್ ಆಯ್ತು, ದೊಡ್ಡವರ ಗುಣಗಳೂ ಆ ಭಾಷೆಯಲ್ಲೇ ಹೆಸರು ಪಡೆದವು: ಜೆಂಟಿಲ್, ಕುರ್ತೈಸ್ (ಅರಮನೆಯ ವಿನಯ ಇರುವವನು), ಪಿಟೇ (ಕರುಣೆ). 'ಜೆಂಟಿಲ್' ಅಂದರೆ ಮೃದು ಅಲ್ಲ, ಕುಲೀನ. ಆದರೆ ಕುಲ ಅಂದರೆ ಹುಟ್ಟೋ ನಡತೆಯೋ ಅನ್ನೋ ಜಗಳ ಚಾಸರನಲ್ಲೇ ಇದೆ. ಬಾತ್ ಊರಿನ ಹೆಂಗಸು ಹೇಳೋ ಕಥೆಯಲ್ಲಿ ಒಬ್ಬ ಮುದುಕಿ ತನ್ನನ್ನು ಹೀಗಳೆದ ಗಂಡನಿಗೆ ಜೆಂಟಿಲ್ ಕೆಲಸ ಮಾಡಿದವನೇ ಜೆಂಟಿಲ್ ಅಂತ ಉದ್ದಕ್ಕೆ ಬುದ್ಧಿ ಹೇಳುತ್ತಾಳೆ. ಅಲ್ಲಿ ಕುಲೀನ ಅಂತಲೇ ಬರೆದರೆ ವಾದವೇ ಬಿದ್ದುಹೋಗುತ್ತದೆ. ದೊಡ್ಡ ಮನುಷ್ಯ ಅಂತ ಬರೆದು ನೋಡಿ. ನಮ್ಮಲ್ಲೂ ದೊಡ್ಡ ಮನುಷ್ಯ ಅಂದರೆ ದುಡ್ಡಿರುವವನೂ ಹೌದು, ದೊಡ್ಡ ಮನಸ್ಸಿನವನೂ ಹೌದು.

'ಟ್ರೌಥ' ಹಳೇ ಇಂಗ್ಲಿಷಿನದೇ ಪದ, ಆದರೆ ಅರಮನೆಯಲ್ಲಿ ಅದಕ್ಕೆ ಎಲ್ಲಕ್ಕಿಂತ ಎತ್ತರದ ಜಾಗ. ಇವತ್ತಿನ 'ಟ್ರೂತ್' ಅಂದರೆ ನಿಜ. ಆಗ ಟ್ರೌಥ ಅಂದರೆ ಕೊಟ್ಟ ಮಾತಿಗೆ ನಿಲ್ಲೋದು. ಫ್ರಾಂಕ್ಲಿನ್, ಅಂದರೆ ಸ್ಥಿತಿವಂತ ಜಮೀನುದಾರ, ಹೇಳೋ ಕಥೆಯಲ್ಲಿ ಡೋರಿಗೆನ್ ಅನ್ನೋ ಹೆಂಗಸು ಆಗದ ಕೆಲಸವೊಂದನ್ನು ಮಾಡಿ ತೋರಿಸಿದರೆ ನಿನ್ನವಳಾಗುತ್ತೇನೆ ಅಂತ ತಮಾಷೆಗೆ ಪರಪುರುಷನಿಗೆ ಮಾತು ಕೊಟ್ಟುಬಿಡುತ್ತಾಳೆ. ಗಂಡನಿಗೆ ವಿಷಯ ಗೊತ್ತಾದಾಗ ಅವನು ಹೋಗು, ಮಾತು ಉಳಿಸಿಕೋ, ಮನುಷ್ಯ ಕಾಪಾಡಿಕೊಳ್ಳಬಹುದಾದ ಎಲ್ಲಕ್ಕಿಂತ ದೊಡ್ಡದು ಟ್ರೌಥ ಅನ್ನುತ್ತಾನೆ, ಹೇಳಿ ಅತ್ತುಬಿಡುತ್ತಾನೆ. ಇದಕ್ಕೆ ನಾನು ಮೊದಲು ನಿಷ್ಠೆ ಅಂತ ಬರೆಯುತ್ತಿದ್ದೆ. ಈಗ ಸತ್ಯ ಅಂತಲೇ ಬರೆಯುತ್ತೇನೆ. ಯಾಕಂದರೆ ಹುಲಿಗೆ ಕೊಟ್ಟ ಮಾತಿಗೆ ಮರಳಿ ಬಂದ ಪುಣ್ಯಕೋಟಿಯ ಸತ್ಯವೂ ಇದೇ ಸತ್ಯ. ಆ ಅರ್ಥ ಕನ್ನಡಿಗರ ಕಿವಿಯಲ್ಲಿ ಇನ್ನೂ ಇದೆ.

ಅದೇ ಕಥೆ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ: ಇವರಲ್ಲಿ ಯಾರು ಹೆಚ್ಚು 'ಫ್ರೇ'? ಹೆಂಡತಿಯನ್ನು ಕಳಿಸಿದ ಗಂಡನೋ, ಮುಟ್ಟದೆ ವಾಪಸ್ ಕಳಿಸಿದ ಪ್ರೇಮಿಯೋ, ಪ್ರೇಮಿಗೆ ಆ ಕೆಲಸ ಮಾಡಿಕೊಟ್ಟು, ಅದಕ್ಕೆ ಬರಬೇಕಿದ್ದ 1000 ಪೌಂಡ್ ಬಿಟ್ಟುಕೊಟ್ಟ ಪಂಡಿತನೋ? ಈಗಿನ 'ಫ್ರೀ'ಯ ಅರ್ಥ ಹಿಡಿದು ಯಾರು ಹೆಚ್ಚು ಸ್ವತಂತ್ರರು ಅಂತ ಓದಿದರೆ ಪ್ರಶ್ನೆ ಅರ್ಥವೇ ಆಗಲ್ಲ. ಕೇಳುತ್ತಿರೋದು ಯಾರ ಮನಸ್ಸು ದೊಡ್ಡದು, ಯಾರ ಕೈ ಧಾರಾಳ ಅಂತ.

ಚರ್ಚಿನ ಮನೆಯ ಪದಗಳು ಸುಲಭ, ಏಳು ಪಾಪಗಳ ಸುತ್ತ ಸೇರಿಕೊಂಡಿರುತ್ತವೆ: ಗರ್ವ, ಹೊಟ್ಟೆಕಿಚ್ಚು, ಕೋಪ, ಜಡತನ, ದುರಾಸೆ, ಹೊಟ್ಟೆಬಾಕತನ, ಕಾಮ. ಅದೇ ಕಾಲದ ಇನ್ನೊಬ್ಬ ಕವಿ ಲ್ಯಾಂಗ್ಲೆಂಡನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಈ ಪಾಪಗಳೇ ಮನುಷ್ಯರಾಗಿ ಬಂದು ತಪ್ಪೊಪ್ಪಿಕೊಳ್ಳುತ್ತವೆ. ಹೊಟ್ಟೆಬಾಕ ಚರ್ಚಿಗೆ ಅಂತಲೇ ಹೊರಟವನು, ದಾರಿಯಲ್ಲಿ ಹೆಂಡ ಮಾಡೋ ಬೆಟ್ಟಿ ಕರೆದಳು, ಒಳಗೆ ಹೋದ. ಒಂದು ಗುಣ ಹೇಗೆ ನಡೆಯುತ್ತದೆ, ಹೇಗೆ ಎಡವುತ್ತದೆ ಅಂತ ನೋಡಬೇಕಿದ್ದರೆ ಅದನ್ನ ಓದಿ.

ಮೂರನೆಯದು ಮೈಯ ಪದಗಳು. ಮೈಯೊಳಗೆ ನಾಲ್ಕು ದ್ರವ ಇವೆ, ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಯಾವುದು ಹೆಚ್ಚೋ ಅದರ ಪ್ರಕಾರ ಸ್ವಭಾವ ಅನ್ನೋದು ಆಗಿನ ವೈದ್ಯರ ನಂಬಿಕೆ. ಫ್ರಾಂಕ್ಲಿನ್ 'ಸಾಂಗ್ವಿನ್', ರಕ್ತದವನು: ಕೆಂಪು ಮುಖ, ಬಿಳಿ ಗಡ್ಡ, ಅವನ ಮನೆಯಲ್ಲಿ ಊಟ ಹಿಮದ ಹಾಗೆ ಸುರಿಯುತ್ತಿತ್ತಂತೆ. ಜಮೀನಿನ ಉಸ್ತುವಾರಿಯ ರೀವ್ 'ಕೊಲೆರಿಕ್', ಹಳದಿ ಪಿತ್ತದವನು: ಸಣಕಲು ಮೈ, ಮೀನಖಂಡವೇ ಕಾಣದ ಕೋಲುಕಾಲು, ಸಾವಿಗೆ ಹೆದರಿದ ಹಾಗೆ ಜನ ಅವನಿಗೆ ಹೆದರುತ್ತಿದ್ದರು. ನಮ್ಮಲ್ಲೂ ಪಿತ್ತ ನೆತ್ತಿಗೇರೋದು ಇರೋದರಿಂದ ಕೊಲೆರಿಕ್‌ಗೆ ಪಿತ್ತ ಪ್ರಕೃತಿ ಅನ್ನಬಹುದು. ಅಲ್ಲಿಗೇ ನಿಲ್ಲಿಸಿ. ಆಯುರ್ವೇದದ ದೋಷ ಮೂರು, ಅದರಲ್ಲಿ ರಕ್ತ ಇಲ್ಲ, ಅವರ ಲೆಕ್ಕ ನಾಲ್ಕು. ಎರಡನ್ನೂ ಒಂದಕ್ಕೊಂದು ಹೊಲಿಯೋಕೆ ಹೋದರೆ ಎರಡೂ ಹರಿಯುತ್ತವೆ.

ಐದನೇ ಹೆಜ್ಜೆ: ಪದ ಬಿಟ್ಟು ಕೆಲಸ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ನಾಲ್ಕನೇ ಕಾಲಂ ಇಟ್ಟಿರೋದೇ ಇದಕ್ಕೆ.

ವೀರನ ಮಗ, 20 ವರ್ಷದ ಸ್ಕ್ವೈರ್ ಬಗ್ಗೆ ಚಾಸರ್ ಹೇಳುತ್ತಾನೆ: ಅವನು ಕುರ್ತೈಸ್, ತಗ್ಗಿ ನಡೆಯುವವನು, ಸೇವೆಗೆ ಸಿದ್ಧ. ಮುಂದಿನ ಸಾಲು: ಊಟದ ಹೊತ್ತಿನಲ್ಲಿ ತಂದೆಯ ಎದುರು ನಿಂತು ಮಾಂಸ ಕತ್ತರಿಸಿ ಬಡಿಸುತ್ತಿದ್ದ. ಮುಗಿಯಿತು. ಇನ್ನು ಭಿಕ್ಷೆ ಎತ್ತುವ ಸನ್ಯಾಸಿ ಫ್ರಾಯರ್ ಹತ್ತಿರ ಬನ್ನಿ. ಸುಮಾರು 150 ಸಾಲು ಆದ ಮೇಲೆ ಅವನ ಬಗ್ಗೆಯೂ ಹೆಚ್ಚುಕಡಿಮೆ ಅದೇ ಪದಗಳು: ಕುರ್ತೈಸ್, ಸೇವೆಯಲ್ಲಿ ತಗ್ಗಿ ನಡೆಯುವವನು. ನಿಘಂಟು ನೋಡಿದರೆ ಇಬ್ಬರೂ ಒಂದೇ. ಆದರೆ ಫ್ರಾಯರ್ ವಿಷಯದಲ್ಲಿ ಅದರ ಹಿಂದಿನ ಸಾಲು ಒಂದು ಶರತ್ತು ಹಾಕಿದೆ: ಎಲ್ಲೆಲ್ಲಿ ಲಾಭ ಹುಟ್ಟುವಂತಿತ್ತೋ ಅಲ್ಲೆಲ್ಲ. ಅಷ್ಟೇ ಸಾಕು. ಮಗನ ವಿನಯ ತಂದೆಯ ತಟ್ಟೆಯ ಮುಂದೆ, ಸನ್ಯಾಸಿಯ ವಿನಯ ದುಡ್ಡಿನ ವಾಸನೆಯ ಮುಂದೆ. ಬೈಗುಳ ಒಂದೂ ಇಲ್ಲ, ಪದ ಬದಲಾಗಿಲ್ಲ, ಪಕ್ಕದ ಸಾಲು ಮಾತ್ರ ಬದಲಾಗಿದೆ. ಇದನ್ನ ಮೊದಲ ಸಲ ಕಂಡ ದಿನ ನಾನು ಪುಟ ಹಿಂದೆ ಮುಂದೆ ತಿರುವಿ ತಿರುವಿ ಎರಡೂ ಸಾಲನ್ನು ಗಟ್ಟಿಯಾಗಿ ಓದಿದ್ದೆ.

ಇನ್ನೊಂದು ಉದಾಹರಣೆ. ಚರ್ಚಿನ ಕೋರ್ಟಿಗೆ ಜನರನ್ನು ಎಳೆದು ತರೋ ಸಮನರ್. ಅವನನ್ನು ಕವಿ 'ಜೆಂಟಿಲ್ ಹಾರ್ಲೊಟ್' ಅನ್ನುತ್ತಾನೆ, 'ಕೀಂಡ್' (ಒಳ್ಳೆ ಸ್ವಭಾವದವನು) ಅನ್ನುತ್ತಾನೆ, ಇಂಥ ಒಳ್ಳೆ ಜೊತೆಗಾರ ಸಿಗಲ್ಲ ಅನ್ನುತ್ತಾನೆ. ಹಾರ್ಲೊಟ್ ಆಗ ಗಂಡಸಿಗೂ ಹೇಳುತ್ತಿದ್ದ ಪದ, ಪೋಕರಿ ಅಂತ. ಮುಂದಿನ ಸಾಲಿಗೆ ಹೋಗಿ: ಒಂದು ಅಳತೆ ದ್ರಾಕ್ಷಾರಸ ಕೊಟ್ಟರೆ ಸಾಕು, ಯಾರಾದರೂ 12 ತಿಂಗಳು ಸೂಳೆಯನ್ನು ಇಟ್ಟುಕೊಂಡಿದ್ದರೂ ಇವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನ ಒಳ್ಳೆಯತನದ ಬೆಲೆ ಅಲ್ಲೇ ಬರೆದಿದೆ.

'ವರ್ಥಿ' ಅನ್ನೋ ಪದವನ್ನೂ ಹೀಗೇ ಹಿಂಬಾಲಿಸಿ. ವೀರ ವರ್ಥಿ, ಫ್ರಾಯರ್ ವರ್ಥಿ, ಸಾಲ ಮುಚ್ಚಿಟ್ಟ ವ್ಯಾಪಾರಿ ವರ್ಥಿ, ಐದು ಸಲ ಮದುವೆಯಾದ ಬಾತ್ ಊರಿನ ಹೆಂಗಸೂ ವರ್ಥಿ. ಎಲ್ಲಾ ಕಡೆ ಯೋಗ್ಯ ಅಂತ ಬರೆದು ಮುಂದೆ ಹೋಗಬೇಡಿ. ಹೇಳುತ್ತಿರೋದು ಕಥೆಯೊಳಗಿನ ಒಬ್ಬ ಯಾತ್ರಿಕ ಅಂತ ನೆನಪಿಡಿ, ಅವನಿಗೆ ಎದುರಿಗೆ ಸಿಕ್ಕವರೆಲ್ಲ ಒಳ್ಳೆಯವರಾಗಿಯೇ ಕಾಣುತ್ತಾರೆ. ಮೂರನೇ ಕಾಲಂ ಇರೋದು ಅದಕ್ಕೆ.

ಆರನೇ ಹೆಜ್ಜೆ: ಈಗ ಕನ್ನಡ

ಈಗ ಐದನೇ ಕಾಲಂ ತುಂಬಿ, ಪೆನ್ಸಿಲ್‌ನಲ್ಲಿ. ಒಂದು ಪದಕ್ಕೆ ಒಂದೇ ಕನ್ನಡ ಪದ ಅಂತ ಹಟ ಹಿಡಿಯಬೇಡಿ. ಆದರೆ ಕವಿ ಬೇಕಂತಲೇ ಒಂದೇ ಪದವನ್ನು ಇಬ್ಬರಿಗೆ ಹಚ್ಚಿದ್ದಾನೆ ಅನ್ನಿಸಿದಾಗ, ಸ್ಕ್ವೈರ್ ಮತ್ತು ಫ್ರಾಯರ್ ಹಾಗೆ, ಕನ್ನಡದಲ್ಲೂ ಒಂದೇ ಪದ ಇಡಿ. ಅಲ್ಲಿ ವಿನಯ, ಇಲ್ಲಿ ನಾಟಕದ ವಿನಯ ಅಂತ ಬದಲಾಯಿಸಿದರೆ ಓದುಗರು ಕಂಡುಹಿಡಿಯಬೇಕಾದ್ದನ್ನು ನೀವೇ ಹೇಳಿಬಿಟ್ಟ ಹಾಗೆ.

ಸಂಸ್ಕೃತದ ದೊಡ್ಡ ಪದಕ್ಕಿಂತ ಮನೆಮಾತು ಹಲವು ಸಲ ಹತ್ತಿರ ಬರುತ್ತದೆ. ಗಿರಣಿಯವನು 'ಜಾಂಗ್ಲೆರ್', ಅದಕ್ಕೆ ವಾಚಾಳಿ ಅನ್ನಬಹುದು, ಬಾಯಿಬಡುಕ ಇನ್ನೂ ಚೆನ್ನ. ಬಡಗಿ ಮನೆಯಲ್ಲಿ ಬಾಡಿಗೆಗಿದ್ದು ಅವನ ಹೆಂಡತಿಯ ಮೇಲೇ ಕಣ್ಣು ಹಾಕೋ ನಿಕೊಲಸ್‌ನಿಗೆ 'ಹೆಂಡೆ' ಅನ್ನೋ ವಿಶೇಷಣ, ಮತ್ತೆ ಮತ್ತೆ ಬರುತ್ತದೆ. ಹಳೇ ಪ್ರೇಮಕಥೆಗಳಲ್ಲಿ ಅದು ಸಭ್ಯ ನಾಯಕನಿಗೆ ಹೇಳುತ್ತಿದ್ದ ಪದ, ಜೊತೆಗೆ ಕೈಗೆ ಹತ್ತಿರದವನು, ಚುರುಕಾದವನು ಅನ್ನೋ ಅರ್ಥಗಳೂ ಉಂಟು. ಕಥೆಯಲ್ಲಿ ಅವನು ಮಾತಿಗಿಂತ ಮೊದಲು ಕೈ ಹಾಕುತ್ತಾನೆ. 'ನಯಗಾರ' ಅಂತ ಬರೆದರೆ ಸಭ್ಯತೆಯೂ ಬಂತು, ನಯವಂಚನೆಯ ನೆರಳೂ ಬಂತು.

ಏಳನೇ ಹೆಜ್ಜೆ: ಒಂದು ಪ್ಯಾರಾ ಬರೆದು ನೋಡಿ

ಪದ, ಅದರ ಆಗಿನ ಅರ್ಥ, ಕೆಲಸ, ನಿಮ್ಮ ತೀರ್ಮಾನ. ಈ ಕ್ರಮ ಸಾಕು. ಮಾದರಿಗೆ ಫ್ರಾಯರ್ ಬಗ್ಗೆ ಹೀಗೆ ಬರೆಯಬಹುದು:

"ಫ್ರಾಯರ್‌ನನ್ನು ಕವಿ ಕುರ್ತೈಸ್ ಎನ್ನುತ್ತಾನೆ. ಅರಮನೆಯ ವಿನಯ, ನಯವಾದ ನಡವಳಿಕೆ ಇದರ ಅರ್ಥ. ಇದೇ ಪದವನ್ನು ಸ್ಕ್ವೈರ್‌ಗೂ ಹೇಳಿದ್ದಾನೆ. ಆದರೆ ಸ್ಕ್ವೈರ್ ತಂದೆಗೆ ಬಡಿಸುತ್ತಾನೆ, ಫ್ರಾಯರ್ ಲಾಭ ಕಂಡ ಕಡೆ ಮಾತ್ರ ತಗ್ಗುತ್ತಾನೆ, ಕುಷ್ಠರೋಗಿಗಳ ಸಹವಾಸ ತನ್ನ ಅಂತಸ್ತಿಗೆ ಸರಿಯಲ್ಲ ಎನ್ನುತ್ತಾನೆ. ಬಡವರ ನಡುವೆ ಬದುಕಬೇಕಾದ ಸನ್ಯಾಸಿಗೆ ಅರಮನೆಯ ಗುಣ ಅಂಟಿಕೊಂಡಿರುವುದೇ ಇಲ್ಲಿಯ ಟೀಕೆ."

ಐದಾರು ಸಾಲು ಅಷ್ಟೇ. ಕಪಟಿ, ಧೂರ್ತ, ದುರಾಸೆಯವನು ಅಂತ ಪದಗಳನ್ನು ಪೇರಿಸಿಲ್ಲ, ಆದರೂ ಅವನು ಎಂಥವನು ಅಂತ ಗೊತ್ತಾಗುತ್ತದೆ.

ಚಾಸರ್ ಮುಗಿದ ಮೇಲೆ

ಅದೇ ನೋಟ್‌ಬುಕ್ಕು ಹಿಡಿದು 'ಸರ್ ಗವೇಯ್ನ್ ಅಂಡ್ ದಿ ಗ್ರೀನ್ ನೈಟ್' ಕಾವ್ಯಕ್ಕೆ ಹೋಗಿ, ಅರ್ಥರ್ ರಾಜನ ಆಸ್ಥಾನದ ವೀರ ಗವೇಯ್ನ್‌ನ ಕಥೆ ಅದು. ಅದೂ 14ನೇ ಶತಮಾನದ ಕೊನೆಯದೇ, ಆದರೆ ವಾಯವ್ಯ ಇಂಗ್ಲೆಂಡಿನ ಮಾತು, ಲಂಡನ್ನಿನದಲ್ಲ, ಹಾಗಾಗಿ ನಿಧಾನಕ್ಕೆ ಓದಬೇಕು. ಗವೇಯ್ನ್‌ನ ಗುರಾಣಿಯ ಮೇಲೆ ಐದು ಮೂಲೆಯ ನಕ್ಷತ್ರ ಇದೆ, ಅದಕ್ಕೆ ಐದು ಗುಣ: ಧಾರಾಳ, ಒಡನಾಡಿಗಳ ಮೇಲಿನ ಪ್ರೀತಿ, ಶುಚಿ, ವಿನಯ, ಕರುಣೆ. ಕೊನೆಯ ಪದ ಅಲ್ಲಿ 'ಪಿಟೇ', ಕರುಣೆಯೂ ಹೌದು, ಭಕ್ತಿಯೂ ಹೌದು, ಆಗಿನ್ನೂ ಈ ಎರಡು ಬೇರೆ ಬೇರೆ ಪದಗಳಾಗಿ ಪೂರ್ತಿ ಒಡೆದಿರಲಿಲ್ಲ. ಕೊನೆಯಲ್ಲಿ ಜೀವ ಉಳಿಸಿಕೊಳ್ಳೋಕೆ ಒಂದು ಹಸಿರು ನಡುಪಟ್ಟಿಯನ್ನು ಬಚ್ಚಿಟ್ಟುಕೊಂಡ ತಪ್ಪಿಗೆ ಅವನು ತನ್ನನ್ನು ತಾನೇ ಹೇಡಿ, ದುರಾಸೆಯವನು ಅಂತ ಕರೆದುಕೊಳ್ಳುತ್ತಾನೆ. ಅವನನ್ನು ಪರೀಕ್ಷೆಗೆ ಒಡ್ಡಿದ ಹಸಿರು ವೀರ ಮಾತ್ರ ನೀನು ಜೀವದ ಮೇಲಿನ ಆಸೆಗೆ ಮಾಡಿದೆ, ಅದಕ್ಕೇ ನಿನ್ನನ್ನು ಹೆಚ್ಚು ದೂರಲ್ಲ ಅನ್ನುತ್ತಾನೆ. ಅರ್ಥರನ ಆಸ್ಥಾನದವರು ನಗುತ್ತಾ ಅದೇ ಪಟ್ಟಿಯನ್ನು ಗೌರವಕ್ಕಾಗಿ ತಾವೂ ಕಟ್ಟಿಕೊಳ್ಳುತ್ತಾರೆ. ಒಂದೇ ಕೆಲಸ, ಮೂರು ಕಡೆಯಿಂದ ಮೂರು ಹೆಸರು. ಈ ಸಲ ಮೂರನೇ ಕಾಲಮ್ಮಿಗೆ, ಹೇಳುತ್ತಿರೋದು ಯಾರು ಅನ್ನೋದಕ್ಕೆ, ಹೆಚ್ಚು ಜಾಗ ಬಿಟ್ಟು ಗೆರೆ ಎಳೆಯಿರಿ.